ಹುಣಸೆಯ ಬೀಜವೂ ಆಹಾರವಿವೇಕವೂ

ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಸಾಗುವ ದಾರಿಯಲ್ಲಿಯಾಗಲಿ, ಯಳಂದೂರಿನ ಸುವರ್ಣಾವತಿ ಬಯಲಿನ ಅಂಚಿನ ಹಳ್ಳಿಗಳಲ್ಲಿಯಾಗಲಿ ಹುಣಸೆಯ ಮರವನ್ನು ಯಾರೂ ನಿಂತು ನೋಡುವುದಿಲ್ಲ. ಅದು ಅಲ್ಲಿಯ ನೆಲಕ್ಕೆ ಅಷ್ಟು ಸಹಜವಾದ ಮರ. ಮಳೆ ಕೈಕೊಟ್ಟು ರಾಗಿ ಒಣಗಿದ ವರ್ಷವೂ ಅದು ಒಂದಿಷ್ಟು ಫಲವನ್ನು ಕೊಟ್ಟೇ ಕೊಡುತ್ತದೆ. ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸುವ ವೇಳೆಗೆ ಕಾಯಿಯ ಓಡು ಹಣ್ಣಿನಿಂದ ಬಿಟ್ಟುಕೊಂಡು ಗಲಗಲ ಸದ್ದು ಮಾಡತೊಡಗುತ್ತದೆ. ಗಂಡಸರು ಗಳುವಿನಿಂದ ಬಡಿದು ಉದುರಿಸುತ್ತಾರೆ. ಹೆಂಗಸರು ಜಗಲಿಯ ಮೇಲೆ ಕುಳಿತು ಓಡು ಬಿಡಿಸಿ, ನಾರು ತೆಗೆದು, ಕುಟ್ಟಿ ಬೀಜವನ್ನು ಬೇರ್ಪಡಿಸುತ್ತಾರೆ. ಹಣ್ಣು ಗಡಿಗೆಗೂ ಸಂತೆಗೂ ಹೋಗುತ್ತದೆ. ಬೀಜ ಮೂಲೆಯಲ್ಲಿ ರಾಶಿ ಬೀಳುತ್ತದೆ.

ಆ ರಾಶಿಗೆ ಹಿಂದೆ ಇದ್ದ ಉಪಯೋಗಗಳು ಹೆಚ್ಚಿನವಲ್ಲ. ಮಕ್ಕಳ ಅಳಗುಳಿಮಣೆಗೆ ಒಂದು ಹಿಡಿ ಬೇಕಾಗುತ್ತಿತ್ತು. ಚೌಕಾಬಾರ ಆಡುವವರು ಬೀಜದ ಒಂದು ಮಗ್ಗುಲನ್ನು ಕಲ್ಲಿನ ಮೇಲೆ ತೇಯ್ದು ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ಬರಗಾಲದಲ್ಲಿ ಮಾತ್ರ ಅದಕ್ಕೆ ಮರ್ಯಾದೆ. ಹುರಿದು, ಮೇಲಿನ ಕಂದು ಸಿಪ್ಪೆಯನ್ನು ಕಳೆದು, ನೆನೆಸಿ ಬೇಯಿಸಿ ಬಡವರು ಹಸಿವನ್ನು ತಣಿಸಿಕೊಂಡದ್ದುಂಟು. ಇಂತಹ ಬೀಜವು ಇಂದು ಆಹಾರವನ್ನು ಮಂದಗೊಳಿಸುವ ದ್ರವ್ಯವಾಗಿ ದೇಶಾಂತರಗಳ ಅಡುಗೆ ಕಾರ್ಖಾನೆಗಳನ್ನು ಸೇರಿದೆ. ಶ್ರಾವಕ ಕುಟುಂಬಗಳು ಈ ವಿಷಯವನ್ನು ತಿಳಿದುಕೊಳ್ಳುವುದಕ್ಕೆ ಕೇವಲ ಕುತೂಹಲವಲ್ಲದೆ ಬೇರೆ ಕಾರಣಗಳೂ ಇವೆ.

1942ರಲ್ಲಿ ಟಿ. ಪಿ. ಘೋಷ್ ಮತ್ತು ಎಸ್. ಕೃಷ್ಣ ಎಂಬ ಭಾರತೀಯ ವಿಜ್ಞಾನಿಗಳು ಸಿಪ್ಪೆ ತೆಗೆದ ಹುಣಸೆ ಬೀಜದ ತಿರುಳಿನಲ್ಲಿ ನೂರಕ್ಕೆ 46ರಿಂದ 48 ಪಾಲು ಲೋಳೆಗಟ್ಟುವ ವಸ್ತುವಿದೆಯೆಂದು ಪ್ರಕಟಿಸಿದರು. ಅದು ಮಹಾಯುದ್ಧದ ಕಾಲ. ಹೊರಗಿನಿಂದ ಬರುತ್ತಿದ್ದ ಸಾಮಗ್ರಿಗಳು ದುರ್ಲಭವಾಗಿದ್ದವು. ಮುಂಬಯಿಯ ಒಂದು ತಯಾರಿಕಾ ಸಂಸ್ಥೆಯಲ್ಲಿದ್ದ ಡಾ. ಜಿ. ಆರ್. ಸಾವೂರ್ ಅವರು ಅದನ್ನು ಶುದ್ಧಗೊಳಿಸುವ ವಿಧಾನಕ್ಕೆ ಹಕ್ಕುಸ್ವಾಮ್ಯ ಪಡೆದರು. ಹಣ್ಣಿನ ಸಿಪ್ಪೆಯಿಂದ ಬರುವ ಪೆಕ್ಟಿನ್ನು ಗಟ್ಟಿಯಾಗಬೇಕಾದರೆ ಸಕ್ಕರೆಯ ಜೊತೆಗೆ ಹುಳಿಯೂ ಬೇಕು. ಹುಣಸೆ ಬೀಜದ ಲೋಳೆಗೆ ಸಕ್ಕರೆ ಸಾಕು, ಹುಳಿ ಇದ್ದರೂ ಆದೀತು ಇಲ್ಲದಿದ್ದರೂ ಆದೀತು. ಆದಕಾರಣ ಕೆಲವರು ಅದನ್ನೂ ಪೆಕ್ಟಿನ್ನೆಂದೇ ಕರೆದರು. ರಸಾಯನಶಾಸ್ತ್ರದ ಪ್ರಕಾರ ಅದು ಪೆಕ್ಟಿನ್ನೂ ಅಲ್ಲ, ಅಕ್ಕಿ ಜೋಳಗಳಲ್ಲಿರುವ ಪಿಷ್ಟವೂ ಅಲ್ಲ. ಗ್ಲೂಕೋಸಿನ ಉದ್ದವಾದ ಸರಪಳಿಗೆ ಕ್ಸೈಲೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಸಕ್ಕರೆಗಳು ಕೊಂಬೆಗಳಂತೆ ಅಂಟಿಕೊಂಡಿರುವ ಕ್ಸೈಲೋಗ್ಲೂಕನ್ ಎಂಬ ವಸ್ತು ಅದು.

ತಯಾರಿಕೆಯ ಕ್ರಮ ಸರಳವಾದುದು. ಬೀಜವನ್ನು ತೊಳೆದು ಹುರಿಯುತ್ತಾರೆ. ಹುರಿದಾಗ ಸಿಪ್ಪೆ ಬಿರುಸಾಗಿ ಸಿಡಿಯುತ್ತದೆ. ಬೀಜದ ತೂಕದಲ್ಲಿ ಮೂರರಲ್ಲಿ ಒಂದು ಪಾಲಿಗೆ ಸಮೀಪವಾದಷ್ಟು ಈ ಸಿಪ್ಪೆಯೇ ಇರುತ್ತದೆ. ಅದನ್ನು ತೂರಿ ಬೇರ್ಪಡಿಸಿ, ಬಿಳಿಯ ತಿರುಳನ್ನು ಬೀಸಿ ಜರಡಿ ಹಿಡಿದರೆ ಹುಣಸೆ ಬೀಜದ ಹಿಟ್ಟು ಸಿದ್ಧ. ಹತ್ತಿ ಮತ್ತು ಸೆಣಬಿನ ನೂಲಿಗೆ ಗಂಜಿ ಹಾಕಲು ಬಹುಕಾಲದಿಂದ ಬಳಕೆಯಲ್ಲಿರುವುದು ಈ ಹಿಟ್ಟೇ. ಉಣ್ಣುವ ಧಾನ್ಯವನ್ನು ಬಟ್ಟೆಗೆ ಬಳಿಯುವುದಕ್ಕಿಂತ ಬಿಸಾಡುವ ಬೀಜವನ್ನು ಬಳಿಯುವುದು ಮೇಲೆಂದು ಬೇರೆ ಹೇಳಬೇಕಾಗಿಲ್ಲ. (ಕೊಳ್ಳೇಗಾಲದ ಹೆಸರಿಗೆ ಅಂಟಿಕೊಂಡಿರುವ ರೇಷ್ಮೆಯ ಮಾತು ಬೇರೆ. ಗೂಡನ್ನು ಬಿಸಿನೀರಿಗೆ ಹಾಕುವ ಆ ಉದ್ಯೋಗದ ವಿಚಾರವನ್ನು ಎರಡು ವಾಕ್ಯಗಳಲ್ಲಿ ಮುಗಿಸುವುದು ನ್ಯಾಯವಲ್ಲ.) ಆಹಾರಕ್ಕಾದರೆ ಹಿಟ್ಟನ್ನು ನೀರಿನಲ್ಲಿ ಕುದಿಸಿ, ಕರಗದ ಸಸಾರಜನಕ ಮತ್ತು ನಾರನ್ನು ತಳಕ್ಕೆ ಇಳಿಸಿ, ತಿಳಿಯನ್ನು ಸೋಸಿ ಒಣಗಿಸುತ್ತಾರೆ. ಜಪಾನಿನಲ್ಲಿ 1960ರ ದಶಕದಿಂದ ಇದನ್ನು ಸಾರುಗಳಿಗೆ, ಐಸ್‌ಕ್ರೀಮಿಗೆ, ಸಿಹಿತಿನಿಸುಗಳಿಗೆ ಬಳಸುತ್ತ ಬಂದಿದ್ದಾರೆ. ಹುಣಸೆಯನ್ನು ದಿನನಿತ್ಯ ಉಣ್ಣುವ ನಾಡಿನಲ್ಲಿ ಮಾತ್ರ ಅದರ ಬೀಜದ ಈ ಗುಣ ಅಡುಗೆಮನೆಗೆ ಅಪರಿಚಿತವಾಗಿಯೇ ಉಳಿದಿದೆ.

ಇನ್ನು ಶ್ರಾವಕಾಚಾರಕ್ಕೆ ಸಂಬಂಧಿಸಿದ ಮಾತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಮೂಲಂಗಿ, ಹಸಿಶುಂಠಿ ಮೊದಲಾದವನ್ನು ಬಿಡಲು ಹೇಳುವಾಗ ಕೊಡುವ ಕಾರಣ ಅತ್ಯಂತ ಸ್ಪಷ್ಟವಾದುದು: ದೊರೆಯುವ ಫಲ ಅಲ್ಪ, ಆಗುವ ಜೀವಘಾತ ಬಹಳ. ಈ ಅಳತೆಗೋಲನ್ನು ಹಿಡಿದು ಮನೆಯಲ್ಲಿ ಆಲೂಗೆಡ್ಡೆ, ಗೆಣಸು, ಸುವರ್ಣಗೆಡ್ಡೆಗಳನ್ನು ವರ್ಜಿಸಿದವರು ಪೇಟೆಯಿಂದ ಪೊಟ್ಟಣವನ್ನು ತರುವಾಗ ಅದೇ ಗೆಡ್ಡೆಗಳನ್ನು ಹಿಟ್ಟಿನ ರೂಪದಲ್ಲಿ ತಂದುಕೊಳ್ಳುತ್ತಿರಬಹುದು. ಸಬ್ಬಕ್ಕಿ ಹೆಸರಿನಲ್ಲಿ ಮಾತ್ರ ಅಕ್ಕಿ. ಮಲೆ ಮಹದೇಶ್ವರ ಬೆಟ್ಟದಾಚೆಯ ಸೇಲಂ ಸೀಮೆಯಲ್ಲಿ ಮರಗೆಣಸಿನ ಹಾಲನ್ನು ಇಳಿಸಿ ಅದನ್ನು ಮಾಡುತ್ತಾರೆ. ಕಾಯಿಲೆಯವರಿಗೆ ಕೊಡುವ ಆರಾರೋಟು ಒಂದು ಗೆಡ್ಡೆಯದೇ ಪಿಷ್ಟ. ಎಷ್ಟೋ ಬಗೆಯ ದಿಢೀರ್ ಸಾರಿನ ಪುಡಿಗಳಿಗೆ ಆಲೂಗೆಡ್ಡೆಯ ಪಿಷ್ಟ ಬೆರೆತಿರುತ್ತದೆ.

ಪೊಟ್ಟಣಗಳ ಮೇಲೆ 2001ರಿಂದ ಕಡ್ಡಾಯವಾಗತೊಡಗಿದ ಹಸಿರು ಮತ್ತು ಕಂದು ಗುರುತುಗಳು ದೊಡ್ಡ ಉಪಕಾರವನ್ನೇ ಮಾಡಿವೆ. ಮೂಳೆ ಚರ್ಮಗಳಿಂದ ತೆಗೆದ ಜೆಲಟಿನ್ ಸೇರಿದ್ದನ್ನು ಇಂದು ಅರಿಯದೆ ತಿನ್ನುವ ಸಂಭವ ಕಡಿಮೆ. ಆದರೆ ಹಸಿರು ಚುಕ್ಕೆಯು ಸಸ್ಯಾಹಾರವೆಂದು ಹೇಳುತ್ತದೆಯೇ ಹೊರತು ಅದು ಬೇರೋ ಬೀಜವೋ ಎಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಅಂಕಿಗಳನ್ನು ಓದಬೇಕು. 406 ಎಂದರೆ ಸಮುದ್ರದ ಪಾಚಿಯಿಂದ ಬಂದ ಅಗರ್. 412 ಗೋರಿಕಾಯಿಯ ಬೀಜದ ಗೋಂದು. 414 ಗೊಬ್ಬಳಿಯ ಜಾತಿಯ ಮರದ ಅಂಟು. 415 ಕ್ಸಾಂಥನ್. 437 ಹುಣಸೆ ಬೀಜದ್ದು. 440 ಪೆಕ್ಟಿನ್. 425 ಕೊಂಜಾಕ್, ಅಂದರೆ ಸುವರ್ಣಗೆಡ್ಡೆಯ ಬಳಗದ ಒಂದು ಗೆಡ್ಡೆ. 1400ರಿಂದ 1450ರವರೆಗಿನ ಅಂಕಿಗಳು ಮಾರ್ಪಡಿಸಿದ ಪಿಷ್ಟಗಳಿಗೆ ಸೇರಿದವು. ತೊಡಕಿರುವುದು ಇಲ್ಲಿಯೇ. 1422 ಎಂಬ ಅಂಕಿಯಿಂದ ಪಿಷ್ಟವನ್ನು ಹೇಗೆ ಮಾರ್ಪಡಿಸಿದರೆಂದು ತಿಳಿಯುತ್ತದೆ, ಯಾವ ಗಿಡದಿಂದ ತೆಗೆದರೆಂದು ತಿಳಿಯುವುದಿಲ್ಲ. ಮೆಕ್ಕೆಜೋಳವೂ ಆಗಿರಬಹುದು, ಮರಗೆಣಸೂ ಆಗಿರಬಹುದು.

ಈ ತೊಡಕು ಯಳಂದೂರಿನ ಒಂದು ಮನೆಯಲ್ಲಿ ಅಂಕಿಯ ಪ್ರಶ್ನೆಯಾಗಿ ಉಳಿಯಲಿಲ್ಲ. ಎಪ್ಪತ್ತೆಂಟು ವರ್ಷದ ಒಬ್ಬ ಶ್ರಾವಿಕೆಗೆ ಪಾರ್ಶ್ವವಾಯು ಬಡಿಯಿತು. ಬಲಗೈ ನಿಧಾನವಾಗಿ ಚೇತರಿಸಿಕೊಂಡಿತು, ಮಾತೂ ಮರಳಿತು. ಆದರೆ ನುಂಗುವ ಶಕ್ತಿ ಮೊದಲಿನಂತೆ ಆಗಲಿಲ್ಲ. ಅನ್ನ ಇಳಿಯುತ್ತಿತ್ತು, ನೀರು ಇಳಿಯುತ್ತಿರಲಿಲ್ಲ. ಕೇಳಿದವರಿಗೆ ಇದು ವಿಚಿತ್ರವೆನಿಸಬಹುದು. ತೆಳುವಾದ ದ್ರವವು ಗಂಟಲಿನಲ್ಲಿ ವೇಗವಾಗಿ ಹರಿಯುತ್ತದೆ. ದುರ್ಬಲಗೊಂಡ ಸ್ನಾಯುಗಳು ಉಸಿರಿನ ದಾರಿಯನ್ನು ಮುಚ್ಚುವಷ್ಟರಲ್ಲಿ ಅದು ಶ್ವಾಸಕೋಶದ ಕಡೆಗೆ ಇಳಿದುಬಿಡುತ್ತದೆ, ಅಲ್ಲಿ ಸೋಂಕಾಗುತ್ತದೆ. ನೀರನ್ನು ಮಂದಗೊಳಿಸಿದರೆ ಹರಿವು ನಿಧಾನವಾಗಿ ಗಂಟಲಿಗೆ ಕಾಲಾವಕಾಶ ಸಿಗುತ್ತದೆ. ಮೈಸೂರಿನ ಡಾಕ್ಟರು ಒಂದು ಡಬ್ಬಿಯ ಹೆಸರನ್ನು ಬರೆದುಕೊಟ್ಟರು. ಒಂದು ಲೋಟ ನೀರಿಗೆ ಒಂದು ಚಮಚ ಬೆರೆಸಬೇಕೆಂದರು.

ಆ ತಾಯಿ ಮದುವೆಯಾದ ವರ್ಷದಿಂದ ಕಂದಮೂಲವನ್ನು ಬಿಟ್ಟವರು. ಡಬ್ಬಿಯನ್ನು ಕೈಯಲ್ಲಿ ಹಿಡಿದು ಮಗಳನ್ನು ಕೇಳಿದ್ದು ಒಂದೇ ಪ್ರಶ್ನೆ: “ಇದು ಯಾತರ ಹಿಟ್ಟಮ್ಮ?” ಮಗಳು ಓದಿ ನೋಡಿದರೆ ಮಾರ್ಪಡಿಸಿದ ಪಿಷ್ಟವೆಂದಷ್ಟೇ ಇತ್ತು. ಅಂಗಡಿಯಲ್ಲಿದ್ದ ಇನ್ನೊಂದು ಡಬ್ಬಿ ಕ್ಸಾಂಥನ್ನಿನದು. ಅದು ಗಿಡದಿಂದ ಬಂದುದೇ ಅಲ್ಲ. ಎಲೆಕೋಸಿಗೆ ರೋಗ ತರುವ ಒಂದು ಸೂಕ್ಷ್ಮಾಣುವನ್ನು ಸಕ್ಕರೆನೀರಿನಲ್ಲಿ ಬೆಳೆಸಿ, ಅದು ಸುರಿಸುವ ಲೋಳೆಯನ್ನು ಕಾಯಿಸಿ, ಮದ್ಯಸಾರದಿಂದ ಇಳಿಸಿ ಒಣಗಿಸಿದ ಪುಡಿ. ಅಮೆರಿಕದಲ್ಲಿ ಅದಕ್ಕೆ 1969ರಲ್ಲಿಯೇ ಅನುಮತಿ ದೊರೆತಿದೆ. ದೇಹಕ್ಕೆ ಸುರಕ್ಷಿತವೆಂಬುದರಲ್ಲಿ ತಕರಾರಿಲ್ಲ. ವ್ರತಕ್ಕೆ ಒಗ್ಗುವುದೇ ಎಂಬಲ್ಲಿ ಜ್ಞಾನಿಗಳಲ್ಲಿಯೂ ಏಕಾಭಿಪ್ರಾಯವಿಲ್ಲ.

ಹಿರಿಯ ಮಗ ಔಷಧಕ್ಕೆ ನಿಯಮವೆಲ್ಲಿಯದು, ಪ್ರಾಣ ಉಳಿದರೆ ತಾನೇ ವ್ರತ ಎಂದರು. ಲೋಕರೂಢಿಯ ಮಾತು ಅದು, ತಪ್ಪೆನ್ನಲಾಗದು. ಆದರೆ ಜೈನ ವೈದ್ಯಪರಂಪರೆ ಅಷ್ಟು ಸುಲಭವಾಗಿ ಆ ಮಾತನ್ನು ಒಪ್ಪಿಲ್ಲವೆಂಬುದನ್ನೂ ನೆನೆಯಬೇಕು. ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದಾಗ ಔಷಧದ ನೆವದಲ್ಲಿ ಮಾಂಸವನ್ನು ಒಳಗೆ ಬಿಡಲಿಲ್ಲ. ರೋಗಿಗೂ ನಿಯಮವುಂಟು, ಆದ್ದರಿಂದ ವೈದ್ಯನೇ ಬೇರೆ ದಾರಿಯನ್ನು ಹುಡುಕಬೇಕು ಎಂಬುದು ಅಲ್ಲಿಯ ನಿಲುವು. ತಾಯಿಯೂ ಬೇರೆ ಮಾತುಗಳಲ್ಲಿ ಅದನ್ನೇ ಹೇಳಿದರು: “ನಿಯಮ ಹಿಡಿದವಳು ನಾನು. ಬಿಡಬೇಕಾದರೆ ನಾನೇ ತಿಳಿದು ಬಿಡಬೇಕು. ನನಗೆ ತಿಳಿಯದ ಹಾಗೆ ಯಾರೂ ಬಿಡಿಸಬಾರದು.” ಮಂದಗೊಳಿಸದ ನೀರನ್ನು ಎರಡು ದಿನ ಕುಡಿದು ನೋಡಿದರು. ಮೂರನೆಯ ದಿನ ಜ್ವರ ಬಂತು.

ಮನೆಯವರಿಗೆ ಹುಣಸೆ ಬೀಜದ ನೆನಪಾದದ್ದು ಆಗ. ನೆಲದ ಮೇಲಿನ ಮರ, ಬೀಜ ಹುರಿದ ಮೇಲೆ ಮೊಳೆಯದು, ಪ್ರಾಸುಕವಾದದ್ದು. ಇದಕ್ಕಿಂತ ನಿರ್ದೋಷವಾದುದು ಯಾವುದೆಂದು ತಾವೇ ಹಿಟ್ಟು ಮಾಡಲು ಹೊರಟರು. ನುಂಗುವಿಕೆಯ ತರಬೇತಿ ಕೊಡುತ್ತಿದ್ದ ಚಿಕಿತ್ಸಕಿ ಅದನ್ನು ತಡೆದರು. ಹೇಳಿದ ಕಾರಣಗಳು ಎಲ್ಲ ಮನೆಗಳವರೂ ತಿಳಿಯಬೇಕಾದವು. ಹುಣಸೆ ಬೀಜದ ಹಿಟ್ಟು ತಣ್ಣೀರಿನಲ್ಲಿ ಸರಿಯಾಗಿ ಕರಗದು, ಕುದಿಸಬೇಕು. ಅರೆಬರೆ ಕರಗಿದ್ದು ಗಂಟಲಿನಲ್ಲಿ ಗಂಟಾಗಿ ನಿಂತರೆ ಅಪಾಯ. ಮನೆಯ ಹಿಟ್ಟು ಒಂದು ದಿನದಂತೆ ಇನ್ನೊಂದು ದಿನ ಇರದು. ರೋಗಿಗೆ ಬೇಕಾದುದು ಪ್ರತಿ ಗುಟುಕಿಗೂ ಒಂದೇ ಮಂದ. ಸಿಪ್ಪೆಯ ಚೂರು ಉಳಿದರೆ ಅದರಲ್ಲಿರುವ ಒಗರು ಅಂಶ ಮಲಬದ್ಧತೆಯನ್ನೂ ಕರುಳಿನ ಉರಿಯನ್ನೂ ತರುತ್ತದೆ. ಬೀಜ ಒಳ್ಳೆಯದೇ, ಈ ಗಂಟಲಿಗೆ ಈ ರೂಪದಲ್ಲಿ ಅಲ್ಲ ಎಂದು ಆಕೆ ಹೇಳಿದ್ದು ವಿವೇಕದ ಮಾತು.

ಕೊನೆಗೆ ಮಗಳು ಮಾಡಿದ್ದು ಎಲ್ಲಕ್ಕಿಂತ ಸರಳವಾದ ಕೆಲಸ. ಡಬ್ಬಿಯ ಮೇಲಿದ್ದ ವಿಳಾಸಕ್ಕೆ ಪತ್ರ ಬರೆದು ಪಿಷ್ಟ ಯಾವ ಸಸ್ಯದ್ದೆಂದು ಕೇಳಿದರು. ಹನ್ನೆರಡು ದಿನಗಳ ಮೇಲೆ ಬಂದ ಉತ್ತರದಲ್ಲಿ ಮೆಕ್ಕೆಜೋಳವೆಂದಿತ್ತು. ಹನೂರಿನ ಹೊಲಗಳಲ್ಲಿ ಎದೆಯೆತ್ತರ ನಿಲ್ಲುವ ಬೆಳೆ! ತಾಯಿ ಆ ಪತ್ರವನ್ನು ಎರಡು ಸಲ ಓದಿಸಿ ಕೇಳಿ, ಅಂದು ಸೂರ್ಯಾಸ್ತಕ್ಕೆ ಮುಂಚೆ ಒಂದು ಲೋಟ ಮಂದವಾದ ನೀರನ್ನು ಚಮಚದಿಂದ ಕುಡಿದರು. ರುಚಿ ಹೇಗಿದೆಯೆಂದು ಕೇಳಿದ್ದಕ್ಕೆ, ಉಪ್ಪಿಲ್ಲದ ಗಂಜಿ ಎಂದರು. ಆ ಹನ್ನೆರಡು ದಿನಗಳನ್ನು ರಾಗಿ ಅಂಬಲಿಯಲ್ಲಿ, ಬಸಿದ ಅನ್ನದ ಗಂಜಿಯಲ್ಲಿ ಚಿಕಿತ್ಸಕಿಯ ಕಣ್ಣೆದುರಿಗೆ ಅಳೆದು ಅಳೆದು ಕಳೆಯಬೇಕಾಯಿತು. ಅಂಬಲಿಯೂ ಮಂದಗೊಳಿಸಿದ ನೀರೇ ತಾನೆ? ಆದರೆ ಪಿಷ್ಟಕ್ಕೊಂದು ದೋಷವುಂಟು. ಎಂಜಲು ಸೇರಿದೊಡನೆ ಅದು ಒಡೆದು ಮತ್ತೆ ತೆಳುವಾಗುತ್ತದೆ. ಎಂಜಲಾದ ಚಮಚವನ್ನು ಲೋಟಕ್ಕೆ ಅದ್ದಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಲೋಟವೇ ನೀರಾಗಿರುತ್ತದೆ. ಅಂಬಲಿಗೂ ಡಬ್ಬಿಯ ಪಿಷ್ಟಕ್ಕೂ ಇದು ಸಮಾನ. ಗೋಂದುಗಳ ಜಾತಿಗೆ ಈ ದೋಷವಿಲ್ಲ. ಇನ್ನೊಂದು ಎಚ್ಚರ: ಮಂದವಾದ ನೀರನ್ನು ರೋಗಿಗಳು ಇಷ್ಟಪಡುವುದಿಲ್ಲ, ಕಡಿಮೆ ಕುಡಿಯುತ್ತಾರೆ, ದೇಹದಲ್ಲಿ ನೀರಿನ ಅಂಶ ಇಳಿಯುತ್ತದೆ. ದಿನಕ್ಕೆ ಎಷ್ಟು ಲೋಟವಾಯಿತೆಂದು ಮನೆಯವರು ಎಣಿಸುತ್ತಿರಬೇಕು.

ಸಸ್ಯಮೂಲದ್ದೆಲ್ಲ ನಿರಪಾಯವೆಂಬ ನಂಬಿಕೆ ಜೈನ ಮನೆಗಳಲ್ಲಿ ಸ್ವಲ್ಪ ಹೆಚ್ಚಾಗಿಯೇ ಇದೆ. ಆದುದರಿಂದ ಕೆಲವು ಸಂಗತಿಗಳನ್ನು ಬಿಚ್ಚಿ ಹೇಳಬೇಕು. 1990ರ ಸುಮಾರಿಗೆ ಅಮೆರಿಕದಲ್ಲಿ ಮೈ ಇಳಿಸಲೆಂದು ಮಾರುತ್ತಿದ್ದ ಗೋರಿಕಾಯಿ ಗೋಂದಿನ ಗುಳಿಗೆಗಳು ಗಂಟಲಿನಲ್ಲಿಯೇ ನೀರು ಹೀರಿ ಉಬ್ಬಿ ಅನ್ನನಾಳವನ್ನು ಕಟ್ಟಿದವು. ಸರಕಾರ ಅವುಗಳನ್ನು ಪೇಟೆಯಿಂದ ತೆಗೆಸಿತು. ಕೊಂಜಾಕಿನ ಪುಟ್ಟ ಬಟ್ಟಲಿನ ಜೆಲ್ಲಿಗಳು ಮಕ್ಕಳ ಉಸಿರುಗಟ್ಟಿಸಿದ ಪ್ರಕರಣಗಳ ಮೇಲೆ ಐರೋಪ್ಯ ಒಕ್ಕೂಟವು 2002ರಲ್ಲಿ ಅಂತಹ ಜೆಲ್ಲಿಗಳಲ್ಲಿ ಅದರ ಬಳಕೆಯನ್ನು ತಡೆಯಿತು. 2007ರಲ್ಲಿ ಭಾರತದಿಂದ ಯುರೋಪಿಗೆ ಹೋದ ಗೋರಿಕಾಯಿ ಗೋಂದಿನಲ್ಲಿ ಡಯಾಕ್ಸಿನ್ ಮತ್ತು ಪೆಂಟಾಕ್ಲೋರೋಫಿನಾಲ್ ಎಂಬ ವಿಷಗಳು ಕಂಡುಬಂದವು. ಗೋಂದು ವಿಷವಲ್ಲ, ಅದಕ್ಕೆ ಬೆರೆತದ್ದು ವಿಷ. 2011ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಕಾಲದಲ್ಲಿ ಹುಟ್ಟಿದ ಶಿಶುಗಳಿಗೆ ಕ್ಸಾಂಥನ್ ಇರುವ ಒಂದು ಮಂದಕಾರಿಯನ್ನು ಕೊಡಬಾರದೆಂದು ಎಚ್ಚರಿಸಿತು, ಅದನ್ನು ಕುಡಿದ ಕೆಲವು ಶಿಶುಗಳಿಗೆ ಕರುಳಿನ ಘೋರವ್ಯಾಧಿ ಬಂದಿತ್ತು. ವೃದ್ಧರಿಗೆ ಆಗುವುದು ಹಸುಗೂಸಿಗೆ ಆಗುವುದೆಂದು ಎಣಿಸಬಾರದು.

ಹುಣಸೆ ಬೀಜದ ಶುದ್ಧ ದ್ರವ್ಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು 2017ರಲ್ಲಿ ಪರಿಶೀಲಿಸಿತು. ದಿನಕ್ಕೆ ಇಷ್ಟಕ್ಕೆ ಮೀರಬಾರದೆಂಬ ಅಂಕಿಯನ್ನು ನಿಗದಿಪಡಿಸುವ ಅಗತ್ಯವಿಲ್ಲವೆಂದು ಅದರ ತೀರ್ಮಾನ. ಇಂತಹ ದ್ರವ್ಯಗಳಿಗೆ ದೊರೆಯಬಹುದಾದ ಅತ್ಯಂತ ನಿರಾಳವಾದ ಅಭಿಪ್ರಾಯ ಅದು. ಮನುಷ್ಯನ ಜಠರ ಅದನ್ನು ಅರಗಿಸುವುದಿಲ್ಲ. ದೊಡ್ಡ ಕರುಳಿನಲ್ಲಿ ಅದು ನಾರಿನಂತೆ ಹುದುಗಿ ಹೋಗುತ್ತದೆ, ಅತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ. ಈ ಅಭಿಪ್ರಾಯ ಶುದ್ಧಗೊಳಿಸಿದ ದ್ರವ್ಯಕ್ಕೆ ಹೇಳಿದ್ದು. ಬಟ್ಟೆಯ ಗಂಜಿಗೆಂದು ಮಾರುವ ಹಿಟ್ಟನ್ನು ಅಗ್ಗವೆಂದು ಅಡುಗೆಗೆ ತಂದರೆ ಅದು ಅನ್ವಯಿಸುವುದಿಲ್ಲ. ಯಾತ್ರಿಕರಿಗೆ ಅಡುಗೆ ಮಾಡಿಸುವ ಬಸದಿಗಳ ಆಡಳಿತ ಮಂಡಳಿಗಳು ಗುತ್ತಿಗೆಯವರನ್ನು ಈ ಬಗ್ಗೆ ಕೇಳುವುದು ಒಳಿತು. ಗೊಜ್ಜನ್ನು ಮಂದಗೊಳಿಸಲು ಏನು ಬಳಸಿದರೆಂದು ಕೇಳಿದರೆ ಅಡುಗೆಯವರು ಸಾಮಾನ್ಯವಾಗಿ ಜೋಳದ ಹಿಟ್ಟೆನ್ನುತ್ತಾರೆ. ಆ ಚೀಲದ ಮೇಲಿನ ಅಕ್ಷರಗಳನ್ನು ಓದಿದವರು ಎಷ್ಟು ಮಂದಿ?

ಹುಣಸೆ ಬೀಜ ಕಂದಮೂಲವಲ್ಲವೆಂದ ಮಾತ್ರಕ್ಕೆ ಅಹಿಂಸೆಯ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಈ ಬೀಜಕ್ಕೆ ಕೊರೆಯುವ ಹುಳು ಬಹಳ. ಒಂದು ಜಾತಿಯ ದುಂಬಿ ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ, ಮರಿ ಬೀಜದ ಒಳಗೆ ಬೆಳೆದು ದುಂಡನೆಯ ತೂತು ಮಾಡಿ ಹೊರಬರುತ್ತದೆ. ಮಳೆಗಾಲವನ್ನು ಗೋಣಿಯಲ್ಲಿ ಕಳೆದ ಬೀಜದಲ್ಲಿ ಅಂತಹ ತೂತುಗಳು ತುಂಬಿರುತ್ತವೆ. ಅದನ್ನು ಹಾಗೆಯೇ ಬಾಣಲೆಗೆ ಸುರಿದು ಹುರಿಯುವುದೆಂದರೇನೆಂದು ಶ್ರಾವಕರಿಗೆ ವಿವರಿಸಬೇಕಾಗಿಲ್ಲ. ಸಂಗ್ರಹಿಸಿದ ತಿಂಗಳುಗಳಲ್ಲಿಯೇ ಬಿಸಿಲಿಗೆ ಹಾಕಿ, ಶೋಧಿಸಿ, ಹುರಿದುಬಿಟ್ಟರೆ ಈ ಹಿಂಸೆ ಬಹುಮಟ್ಟಿಗೆ ತಪ್ಪುತ್ತದೆ. ದೊಡ್ಡ ವ್ಯಾಪಾರದಲ್ಲಿ ಅಷ್ಟು ತಾಳ್ಮೆಯನ್ನು ನಿರೀಕ್ಷಿಸುವುದು ಕಷ್ಟ. ಆದರೆ ಕೊಳ್ಳುವವರು ಕೇಳಿದರೆ ಮಾರುವವರು ಮಾಡುತ್ತಾರೆ.

ಕಾಡಿನಿಂದ ಹುಣಸೆ ತರುವವರ ಸಂಗತಿಯೂ ಇದರಲ್ಲಿಯೇ ಸೇರಿದೆ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರು ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂವುಗಳೊಂದಿಗೆ ಹುಣಸೆಯನ್ನೂ ಆಯ್ದು ತಮ್ಮ ಸಹಕಾರ ಸಂಘಗಳಿಗೆ ಕೊಡುತ್ತ ಬಂದವರು. ವನ್ಯಜೀವಿ ಕಾಯ್ದೆಗೆ 2002ರಲ್ಲಾದ ತಿದ್ದುಪಡಿಯ ತರುವಾಯ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಆಯುವುದಕ್ಕೆ ತಡೆ ಬಿತ್ತು. 2006ರ ಅರಣ್ಯಹಕ್ಕು ಕಾಯ್ದೆಯ ಆಧಾರದ ಮೇಲೆ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳು ದೊರೆತವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹಣ್ಣು ಆಯುವುದರಿಂದ ಮರಕ್ಕೆ ಕೇಡಿಲ್ಲ. ಕೊಂಬೆ ಕಡಿದು ಕಾಯಿ ಇಳಿಸುವ ಅವಸರದ ಗುತ್ತಿಗೆದಾರನಿಗಿಂತ ಮುಂದಿನ ವರ್ಷವೂ ಅದೇ ಮರಕ್ಕೆ ಬರಬೇಕಾದ ಸೋಲಿಗ ಮರಕ್ಕೆ ಹಿತವಂತ.

ಹಣ್ಣು ಬಿಡಿಸುವ ಕೆಲಸ ಮಾತ್ರ ಹೆಂಗಸರದು. ದಿನವಿಡೀ ಕುಟ್ಟಿದರೆ ಅಂಗೈ ಕಂದುಗಟ್ಟುತ್ತದೆ, ಹುಳಿ ತಗುಲಿ ಉಗುರಿನ ಸಂದು ಉರಿಯುತ್ತದೆ. ಅವರ ಕೂಲಿಯನ್ನು ಬಿಡಿಸಿದ ಹಣ್ಣಿನ ತೂಕದ ಮೇಲೆ ಲೆಕ್ಕ ಹಾಕುವ ರೂಢಿಯುಂಟು. ಅಂತಹ ಕಡೆ ಬೀಜದ ತೂಕ ಲೆಕ್ಕಕ್ಕೆ ಬರುವುದಿಲ್ಲ, ಅದು ಮರವನ್ನು ಹಿಡಿದವನಿಗೆ ಸೇರುತ್ತದೆ. ಯಾವುದಾದರೂ ಬಸದಿಯ ಮಂಡಳಿಯವರು ಬೀಜವನ್ನು ನೇರವಾಗಿ ಕೊಳ್ಳಲು ಮನಸ್ಸು ಮಾಡಿದರೆ ಫಾಲ್ಗುಣ ಚೈತ್ರಗಳಲ್ಲಿ, ಮೊದಲ ಮಳೆ ಬೀಳುವುದಕ್ಕೆ ಮುಂಚೆ, ಆ ಜಗಲಿಗಳಿಗೇ ಹೋಗಿ ಕೊಳ್ಳಬೇಕು. ಆಗ ಬೀಜಕ್ಕೆ ಹುಳು ಹಿಡಿದಿರುವುದು ಕಡಿಮೆ, ಹಣವೂ ಕುಟ್ಟಿದವರ ಕೈಗೇ ಸೇರುತ್ತದೆ.